ಆಮವೂ ಸ್ತಂಭನವೂ: ಒಂದು ಅನಾರೋಗ್ಯದ ಟಿಪ್ಪಣಿ

ಮೂಡುಬಿದಿರೆಯಲ್ಲಿ ನೋಡಬೇಕೆಂದಿದ್ದ ಒಂದು ವೈದ್ಯಗ್ರಂಥದ ಓಲೆಪ್ರತಿಯನ್ನು ಕುರಿತು ಬರೆಯುವುದಾಗಿ ಕಳೆದ ವರ್ಷ ಓದುಗರಿಗೆ ಮಾತು ಕೊಟ್ಟಿದ್ದೆ. ಆ ಲೇಖನ ಬರಲಿಲ್ಲ. ಕೆಲವು ಸಂಶೋಧನ ವಿದ್ಯಾರ್ಥಿಗಳು ದೂರವಾಣಿಯಲ್ಲಿ ವಿಚಾರಿಸಿದಾಗ ಆರೋಗ್ಯ ಸರಿಯಿರಲಿಲ್ಲ ಎಂದಷ್ಟೇ ಹೇಳಿ ಜಾರಿಕೊಂಡಿದ್ದೆ. ಹೊಟ್ಟೆಯ ವಿಷಯ, ಅದರಲ್ಲಿಯೂ ಭೇದಿಯ ವಿಷಯ, ನಾಲ್ಕು ಜನರೆದುರು ಹೇಳಿಕೊಳ್ಳುವಂಥದಲ್ಲ ಎಂಬ ಸಂಕೋಚವೇ ಅದಕ್ಕೆ ಕಾರಣ. ಆದರೆ ಹಳಗನ್ನಡದ ವೈದ್ಯಗ್ರಂಥಗಳನ್ನು ಮೂವತ್ತು ವರ್ಷ ಪಾಠ ಹೇಳಿದವನಿಗೆ ಈ ಸಂಕೋಚ ಒಪ್ಪುವಂಥದಲ್ಲ. 12ನೆಯ ಶತಮಾನದ ಕೀರ್ತಿವರ್ಮ ದನಕರುಗಳ ಸಗಣಿಯ ಲಕ್ಷಣವನ್ನು ಕುರಿತು ಬರೆಯಲು ನಾಚಲಿಲ್ಲ. ಆತ ಚಾಲುಕ್ಯರ ಅರಸುಮಗ. ನನ್ನ ಸಂಕೋಚದ ನಿಜವಾದ ಕಾರಣ ಬೇರೆಯೇ ಇದೆ. ಅದನ್ನು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಎದೆಗುಂಡಿಗೆಯ ಕೆಳಗಿನ ಉರಿ ನನಗೆ ಹೊಸತೇನಲ್ಲ. ಉಪನ್ಯಾಸಕನಾಗಿದ್ದ ಕಾಲದಿಂದಲೂ ಅದು ಬರುತ್ತಿತ್ತು, ಹೋಗುತ್ತಿತ್ತು. ಹೊಸತಾಗಿದ್ದುದು ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ನಡುರಾತ್ರಿ ಎರಡು ಗಂಟೆಗೆ ಯಾರೋ ಒಳಗಿನಿಂದ ಚಿವುಟಿದಂತೆ ಎಚ್ಚರವಾಗುವುದು. ನಾಲ್ಕು ತಿಂಗಳಲ್ಲಿ ಐದು ಕಿಲೋ ತೂಕ ಇಳಿಯಿತು. ಮನೆಯವರು ಪರೀಕ್ಷೆ ಮಾಡಿಸಿಕೊಳ್ಳಿ ಎಂದು ದಿನವೂ ಹೇಳುತ್ತಿದ್ದರು. ನಾನು ಹೆದರಿ ಮುಂದೂಡುತ್ತಿದ್ದೆ. ಹೆದರಿಕೆಗೆ ಕಾರಣವಿತ್ತು.

ನನ್ನ ತಂದೆ 1974ರಲ್ಲಿ ಹೊಟ್ಟೆಯ ಹುಣ್ಣಿನಿಂದ ತೀರಿಕೊಂಡರು. ಆಗ ನಾನು ಪಿಯುಸಿ ವಿದ್ಯಾರ್ಥಿ. ಅವರು ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರು. ಅವರ ಮೇಜಿನ ಮೇಲೆ ಹಾಜರಿ ಪುಸ್ತಕದ ಪಕ್ಕದಲ್ಲಿ ಯಾವಾಗಲೂ ಒಂದು ಲೋಟ ಹಾಲು ಮುಚ್ಚಿಟ್ಟಿರುತ್ತಿತ್ತು. ಎರಡು ಗಂಟೆಗೊಮ್ಮೆ ಒಂದೊಂದು ಗುಟುಕು ಕುಡಿಯಬೇಕೆಂದು ಪೇಟೆಯ ಡಾಕ್ಟರು ಹೇಳಿದ್ದರು. ಅಂದಿನ ವೈದ್ಯಶಾಸ್ತ್ರ ಜಗತ್ತಿನೆಲ್ಲೆಡೆ ಹೇಳುತ್ತಿದ್ದುದೂ ಅಷ್ಟೇ: ಹಾಲು ಕುಡಿಯಿರಿ, ಖಾರ ಬಿಡಿ, ಚಿಂತೆ ಬಿಡಿ. ಎಂಟು ಮಕ್ಕಳ ಸಂಸಾರವಿದ್ದವರಿಗೆ ಖಾರ ಬಿಡುವುದು ಸಾಧ್ಯವಾಯಿತು. ಒಂದು ದಿನ ಬೆಳಿಗ್ಗೆ ಅವರು ಕಾಫಿ ಚರಟದಂತಹ ಕಪ್ಪು ವಾಂತಿ ಮಾಡಿಕೊಂಡರು. ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ಹೊರಟೆವು. ದೊಡ್ಡ ರಸ್ತೆ ಮುಟ್ಟುವುದರೊಳಗೆ ಎಲ್ಲವೂ ಮುಗಿದಿತ್ತು. ಆಮ್ಲವನ್ನು ತಗ್ಗಿಸುವ ಸಿಮೆಟಿಡಿನ್ ಎಂಬ ಔಷಧ ಬ್ರಿಟನ್ನಿನಲ್ಲಿ ಬಳಕೆಗೆ ಬಂದದ್ದು 1976ರಲ್ಲಿ. ಹುಣ್ಣಿನ ಹಿಂದೆ ಒಂದು ಬ್ಯಾಕ್ಟೀರಿಯಾ ಇದೆಯೆಂಬುದು ತಿಳಿಯಲು ಇನ್ನೂ ಹಲವು ವರ್ಷಗಳು ಬೇಕಾದವು.

ಆ ಬ್ಯಾಕ್ಟೀರಿಯಾದ ಶೋಧ ಸಾಹಿತ್ಯದ ವಿದ್ಯಾರ್ಥಿಗಳೂ ತಿಳಿದುಕೊಳ್ಳಬೇಕಾದ ಕಥೆ. ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ರಾಬಿನ್ ವಾರನ್ ಎಂಬ ರೋಗಶಾಸ್ತ್ರಜ್ಞರು ಜಠರದ ತುಣುಕುಗಳಲ್ಲಿ ಬಾಗಿದ ಆಕಾರದ ಸೂಕ್ಷ್ಮಜೀವಿಗಳನ್ನು ಕಂಡಿದ್ದರು. ಅಷ್ಟು ಪ್ರಬಲವಾದ ಆಮ್ಲದಲ್ಲಿ ಯಾವ ಜೀವಿಯೂ ಬದುಕದು ಎಂಬ ನಂಬಿಕೆಯಿಂದ ಹೆಚ್ಚಿನವರು ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಬ್ಯಾರಿ ಮಾರ್ಷಲ್ ಎಂಬ ತರುಣ ವೈದ್ಯರು ಅವರೊಡನೆ ಸೇರಿಕೊಂಡರು. ಪ್ರಯೋಗಾಲಯದಲ್ಲಿ ಅದನ್ನು ಬೆಳೆಸುವ ಯತ್ನಗಳೆಲ್ಲ ವಿಫಲವಾದವು. 1982ರ ಈಸ್ಟರ್ ರಜೆಯಲ್ಲಿ ತಟ್ಟೆಗಳನ್ನು ಎಂದಿನಂತೆ ಎರಡು ದಿನಕ್ಕೆ ತೆಗೆಯದೆ ಹಾಗೆಯೇ ಬಿಟ್ಟುದರಿಂದ ಅದು ಬೆಳೆಯಿತು. ನಿಧಾನವಾಗಿ ಬೆಳೆಯುವ ಜೀವಿ ಅದು. ಜನ ನಂಬದಿದ್ದಾಗ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಜಠರದ ಉರಿಯೂತವನ್ನು ಬರಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂದಿತು. ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಅದರ ಹೆಸರಿನಲ್ಲಿ ಮೊದಲ ಪದ ಸುರುಳಿಯಾಕಾರವನ್ನು ಹೇಳುತ್ತದೆ. ಎರಡನೆಯದು ಜಠರದ ಕೆಳಬಾಗಿಲಿನ ಹೆಸರು; ಅದರ ಗ್ರೀಕ್ ಮೂಲಕ್ಕೆ ದ್ವಾರಪಾಲಕ ಎಂದರ್ಥ. ನಮ್ಮ ದೇಶದಲ್ಲಿ ಬಹುಮಂದಿಗೆ ಬಾಲ್ಯದಲ್ಲಿಯೇ ಇದು ಅಂಟಿಕೊಳ್ಳುತ್ತದೆ. ತಂದೆಯವರ ತಟ್ಟೆಯಲ್ಲಿಯೇ ಊಟ ಮಾಡಿ ಬೆಳೆದ ನನಗೂ ಅಂಟಿದ್ದರೆ ಆಶ್ಚರ್ಯವಿಲ್ಲ.

ಕೊನೆಗೆ ಮೈಸೂರಿನಲ್ಲಿ ಎಂಡೋಸ್ಕೋಪಿ ಮಾಡಿಸಿಕೊಂಡೆ. ಸಣ್ಣ ಕರುಳಿನ ಮೊದಲ ತಿರುವಿನಲ್ಲಿ ಒಂದು ಹುಣ್ಣು ಕಂಡಿತು; ಅರ್ಬುದವಲ್ಲ. ಜಠರದಿಂದ ತೆಗೆದ ಸಾಸಿವೆಯಷ್ಟು ಮಾಂಸದ ಚೂರನ್ನು ನರ್ಸ್ ಒಬ್ಬರು ಹಳದಿ ಬಣ್ಣದ ಲೋಳೆಯಿದ್ದ ಪುಟ್ಟ ಬಿಲ್ಲೆಯೊಳಗೆ ಇಟ್ಟರು. ಆ ಲೋಳೆಯಲ್ಲಿ ಯೂರಿಯಾ ಇರುತ್ತದೆ. ಪೈಲೊರಿ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ. ಆ ಕ್ಷಾರದ ಮರೆಯಲ್ಲಿಯೇ ಅದು ಆಮ್ಲದ ನಡುವೆ ಬದುಕುವುದು. ನಾನು ಅಂಗಿಯ ಗುಂಡಿ ಹಾಕಿಕೊಳ್ಳುವಷ್ಟರಲ್ಲಿ ಹಳದಿ ಲೋಳೆ ಗುಲಾಬಿಯಾಗಿತ್ತು. ಐವತ್ತು ವರ್ಷ ಹೊತ್ತುಕೊಂಡು ತಿರುಗಿದ ಹೆದರಿಕೆಗೆ ಅಷ್ಟು ಸುಂದರವಾದ ಬಣ್ಣವಿರಬಹುದೆಂದು ನಾನು ಊಹಿಸಿರಲಿಲ್ಲ.

ಚಿಕಿತ್ಸೆ 14 ದಿನ. ಬೆಳಿಗ್ಗೆ ಮತ್ತು ರಾತ್ರಿ ಅಮಾಕ್ಸಿಸಿಲಿನ್ ಒಂದು ಗ್ರಾಂ, ಕ್ಲಾರಿಥ್ರೊಮೈಸಿನ್ 500 ಮಿಲಿಗ್ರಾಂ, ಜೊತೆಗೆ ಆಮ್ಲ ತಗ್ಗಿಸುವ ಮಾತ್ರೆ. ಆ ಆಮ್ಲದ ಮಾತ್ರೆಯನ್ನು ಹುಣ್ಣು ಮಾಯುವವರೆಗೆ ಇನ್ನೂ ನಾಲ್ಕು ವಾರ ಮುಂದುವರಿಸಬೇಕು. ಮೂರನೆಯ ದಿನದಿಂದ ನಾಲಗೆಯ ಮೇಲೆ ತಾಮ್ರದ ಕಾಸು ಇಟ್ಟುಕೊಂಡಂತಹ ಕಹಿ. ಕ್ಲಾರಿಥ್ರೊಮೈಸಿನ್ ಲಾಲಾರಸದಲ್ಲಿಯೂ ಬರುವುದರಿಂದ ಎಷ್ಟು ಬಾಯಿ ಮುಕ್ಕಳಿಸಿದರೂ ಹೋಗದು. ಕಾಫಿ ಕಾಫಿಯಾಗಿರಲಿಲ್ಲ, ತಿಳಿಸಾರು ತಿಳಿಸಾರಾಗಿರಲಿಲ್ಲ. ಹೊಟ್ಟೆ ತುಸು ಸಡಿಲವಾಗಿತ್ತು; ಅದು ಸಾಮಾನ್ಯವೆಂದು ಡಾಕ್ಟರು ಮೊದಲೇ ಹೇಳಿದ್ದರು. ಒಂದು ಹೊತ್ತನ್ನೂ ತಪ್ಪಿಸದೆ ಮುಗಿಸಿದೆ. ನಡುವೆ ಬಿಟ್ಟರೆ ಬ್ಯಾಕ್ಟೀರಿಯಾ ಔಷಧಕ್ಕೆ ಬಗ್ಗದಂತಾಗುತ್ತದೆಂದು ಅವರು ಕಟ್ಟುನಿಟ್ಟಾಗಿ ಹೇಳಿದ್ದರು. ಹದಿನಾಲ್ಕನೆಯ ರಾತ್ರಿಯ ಖಾಲಿ ಮಾತ್ರೆಪಟ್ಟಿಯನ್ನು ಎಸೆಯದೆ ಪುಸ್ತಕದಲ್ಲಿ ಗುರುತಿಗೆ ಇಟ್ಟುಕೊಂಡೆ. ತಂದೆಯನ್ನು ಕೊಂದದ್ದನ್ನು ನಾನು ಕೊಂದೆ ಎಂಬ ಒಂದು ಬಗೆಯ ಜಂಬ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಡಾಕ್ಟರು ಬರೆದುಕೊಟ್ಟ ಚೀಟಿಯ ತಳದಲ್ಲಿ ಎರಡು ಸಾಲುಗಳಿದ್ದವು: ಚಿಕಿತ್ಸೆ ಮುಗಿದ ಮೇಲೆ ಎರಡು ಮೂರು ತಿಂಗಳೊಳಗೆ ನೀರಿನಂತಹ ಭೇದಿ ಶುರುವಾದರೆ ತಾವೇ ಔಷಧ ಮಾಡಿಕೊಳ್ಳದೆ ಕೂಡಲೇ ಬರತಕ್ಕದ್ದು. ನಾನು ಅದನ್ನು ಓದಿರಲಿಲ್ಲ. ಶಾಸನಗಳ ಕೊನೆಯ ಶಾಪಾಶಯದ ಸಾಲುಗಳನ್ನೂ ಬಿಡದೆ ಓದಬೇಕೆಂದು ವಿದ್ಯಾರ್ಥಿಗಳಿಗೆ ಹೇಳುತ್ತ ಬಂದವನು ನಾನು.

ಮಾತ್ರೆ ಮುಗಿದ ಹನ್ನೆರಡನೆಯ ದಿನ ಭೇದಿ ಆರಂಭವಾಯಿತು. ಹಿಂದಿನ ದಿನ ಒಂದು ಮದುವೆಯ ಊಟ ಉಂಡಿದ್ದೆ. ತಪ್ಪನ್ನು ಆ ಮನೆಯ ಬಾದಾಮಿ ಹಾಲಿನ ಮೇಲೆ ಹೊರಿಸಿದೆ. ಮೊದಲ ದಿನ ಆರು ಬಾರಿ, ಎರಡನೆಯ ದಿನ ಹತ್ತು ಬಾರಿ. ಬರಿಯ ನೀರು, ಹಿಂದೆಂದೂ ಅರಿಯದ ದುರ್ವಾಸನೆ, ಕೆಳಹೊಟ್ಟೆಯಲ್ಲಿ ಹಿಂಡುವ ನೋವು, ಸಂಜೆಯಾದರೆ ಸಣ್ಣ ಜ್ವರ. ಮೂರನೆಯ ದಿನ ಬೆಳಿಗ್ಗೆ ನಾನು ಮೂಡುಬಿದಿರೆಗೆ ಹೊರಡಬೇಕಾಗಿತ್ತು. ಎರಡು ದಿನಕ್ಕೆ ಅನುಮತಿ ದೊರೆತಿತ್ತು. ಭಂಡಾರದವರು ನನಗಾಗಿ ಓಲೆಗಳನ್ನು ತೆಗೆದಿರಿಸುವುದಾಗಿ ಹೇಳಿದ್ದರು. ಮುಂದಕ್ಕೆ ಹಾಕಬಹುದಾಗಿತ್ತು; ಹಾಕಲಿಲ್ಲ.

ಬೀದಿಯ ಕೊನೆಯ ಔಷಧದಂಗಡಿಗೆ ಹೋಗಿ "ಭೇದಿಗೆ ಮಾತ್ರೆ ಕೊಡಪ್ಪ" ಎಂದೆ. ಅಂಗಡಿಯ ಹುಡುಗ "ಆಗೋದಕ್ಕೋ ನಿಲ್ಲೋದಕ್ಕೋ ಸಾರ್?" ಎಂದು ಕೇಳಿದ. ಚತುರ್ಥಿಯ ಈ ದ್ವಂದ್ವಾರ್ಥವನ್ನು ವ್ಯಾಕರಣದ ತರಗತಿಯಲ್ಲಿ ಉದಾಹರಿಸಬೇಕೆಂದುಕೊಂಡು ನಕ್ಕೆ. ನಿಲ್ಲುವುದಕ್ಕೆ ಎಂದೆ. ಲೊಪೆರಮೈಡ್ ಕೊಟ್ಟ. ಅಫೀಮಿನ ಗುಣವನ್ನು ಕರುಳಿಗಷ್ಟೇ ತಾಗುವಂತೆ ಮಾಡಿದ ಔಷಧ ಅದು. ಕರುಳಿನ ಚಲನೆಯನ್ನು ನಿಧಾನಗೊಳಿಸುತ್ತದೆ. ಎರಡು ನುಂಗಿದೆ, ಒಂದು ಗಂಟೆ ಬಿಟ್ಟು ಇನ್ನೊಂದು, ಬಸ್ಸು ಹತ್ತುವ ಮುನ್ನ ಮತ್ತೊಂದು. ಮನೆಯವರಿಗೆ ಹೊಟ್ಟೆ ಸರಿಹೋಯಿತು ಎಂದೆ. ಅದು ಆ ಹೊತ್ತಿಗೆ ಸುಳ್ಳೂ ಆಗಿರಲಿಲ್ಲ.

ಮೈಸೂರಿನಿಂದ ಮಡಿಕೇರಿ, ಸಂಪಾಜೆ ಘಾಟಿ ಇಳಿದು ಸುಳ್ಯ, ಪುತ್ತೂರು, ಮಂಗಳೂರು. ಅಷ್ಟು ದೀರ್ಘ ಪ್ರಯಾಣದಲ್ಲಿ ಒಮ್ಮೆಯೂ ಬಸ್ಸು ನಿಲ್ಲಿಸಿ ಎಂದು ಕೇಳಬೇಕಾಗಲಿಲ್ಲ. ವಯಸ್ಸಾದವರಿಗೆ ಇದು ಎಂಥ ಸಮಾಧಾನವೆಂಬುದನ್ನು ವಯಸ್ಸಾದವರೇ ಬಲ್ಲರು. ಮರುದಿನ ಬೆಳಿಗ್ಗೆ ಮೂಡುಬಿದಿರೆಯಲ್ಲಿ ಓಲೆಗಳ ಮುಂದೆ ಕುಳಿತೆ. ಭಂಡಾರದಲ್ಲಿದ್ದ ಹಿರಿಯರು ಗರಿಗಳಿಗೆ ಎಣ್ಣೆ ಸವರಿ ಅಕ್ಷರ ಕಾಣುವಂತೆ ಮಾಡಿಕೊಟ್ಟರು, ಒಂದು ಲೋಟ ಮಜ್ಜಿಗೆಯನ್ನೂ ತಂದಿಟ್ಟರು. ಹನ್ನೊಂದು ಗರಿ ನೋಡಿದೆನೆಂದು ನನ್ನ ಟಿಪ್ಪಣಿ ಪುಸ್ತಕ ಹೇಳುತ್ತದೆ. ಏಳನೆಯ ಗರಿಯಿಂದ ಮುಂದಿನ ಟಿಪ್ಪಣಿ ನನ್ನ ಕೈಬರಹದಲ್ಲಿಯೇ ಇದ್ದರೂ ಈಗ ನನಗೆ ಓದಲು ಬರುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಉಬ್ಬಿ ನಡುಪಟ್ಟಿ ಸಡಿಲಿಸಬೇಕಾಯಿತು. ಭೇದಿಯಿಲ್ಲ, ವಾಯುವೂ ಇಲ್ಲ. ಹೊಟ್ಟೆ ಬಿಗಿದ ಮದ್ದಳೆಯಂತಾಗಿತ್ತು. ಮೂರು ಗಂಟೆಗೆ ನಡುಗುವ ಜ್ವರ. ಆ ಹಿರಿಯರೇ ಕಾರು ಗೊತ್ತುಮಾಡಿ ಮಂಗಳೂರಿನ ಒಂದು ಆಸ್ಪತ್ರೆಗೆ ಕರೆದೊಯ್ದರು.

ರಾತ್ರಿಯ ಪಾಳಿಯ ತರುಣ ವೈದ್ಯೆ ಹೊಟ್ಟೆಯನ್ನು ಒತ್ತಿ ನೋಡಿದರು. ಎಕ್ಸ್-ರೇಯಲ್ಲಿ ದೊಡ್ಡ ಕರುಳು ಹಿಗ್ಗಿತ್ತು, ರಕ್ತದಲ್ಲಿ ಬಿಳಿಯ ಕಣಗಳು ವಿಪರೀತ ಏರಿದ್ದವು, ಮೂತ್ರಪಿಂಡವೂ ದಣಿದಿತ್ತು. "ಇತ್ತೀಚೆಗೆ ಎಂತಾದರೂ ಆಂಟಿಬಯೋಟಿಕ್ ತೆಗೆದುಕೊಂಡಿದ್ದೀರಾ?" ಎಂದು ಕೇಳಿದರು.

"ಇಲ್ಲ" ಎಂದೆ.

ಬೇಕೆಂದು ಸುಳ್ಳು ಹೇಳಿದವನಲ್ಲ. ನನ್ನ ಮನಸ್ಸಿನಲ್ಲಿ ಆ ಔಷಧ ಜಠರದ್ದು, ಈ ಕಾಯಿಲೆ ಕರುಳಿನದು; ಅದು ಮುಗಿದ ಅಧ್ಯಾಯ, ಇದು ಮದುವೆಯೂಟದ ಫಲ. ಎರಡಕ್ಕೂ ಸಂಬಂಧವಿದ್ದೀತೆಂದು ಹೊಳೆಯಲೇ ಇಲ್ಲ. ಭೇದಿ ನಿಲ್ಲಿಸುವ ಮಾತ್ರೆಯನ್ನಂತೂ ಔಷಧವೆಂದೇ ಎಣಿಸಿರಲಿಲ್ಲ. ಅದನ್ನು ಹೇಳಲೂ ಇಲ್ಲ. ಆ ಒಂದು "ಇಲ್ಲ"ದಿಂದ ಒಂದು ರಾತ್ರಿ ವ್ಯರ್ಥವಾಯಿತು.

ಆ ರಾತ್ರಿ ಮೂಗಿನಲ್ಲಿ ನಳಿಕೆ ಹಾಕಿಸಿಕೊಂಡು ಮಲಗಿದ್ದಾಗ ಎಲ್ಲಿಂದಲೋ ಒಂದು ಪದ ಬಂದು ನಾಲಗೆಯ ಮೇಲೆ ಕುಳಿತಿತು: ಆಧ್ಮಾನ. ಹೊಟ್ಟೆಯುಬ್ಬರಕ್ಕೆ ನಮ್ಮ ವೈದ್ಯಗ್ರಂಥಗಳ ಹೆಸರು. ಅರೆಎಚ್ಚರದಲ್ಲಿ ಆ ಪದ ಯಾವ ಪಟ್ಟಿಯಲ್ಲಿ ಬರುತ್ತದೆಂದು ಹುಡುಕುತ್ತ ಹೋದೆ. ಅಲಸಕ, ಆಧ್ಮಾನ, ಗ್ರಹಣಿ, ಅರ್ಶಸ್ಸು, ಮುಂದೆ ಉದರ, ಜ್ವರ. ಚರಕಸಂಹಿತೆಯ ಅತಿಸಾರ ಚಿಕಿತ್ಸೆಯ ಅಧ್ಯಾಯ! ಆಮದಿಂದ ಕೂಡಿದ ಅತಿಸಾರದಲ್ಲಿ ಮೊದಲೇ ಮಲವನ್ನು ಕಟ್ಟುವ ಔಷಧವನ್ನು ಕೊಡಕೂಡದು, ಹಾಗೆ ಕಟ್ಟಿದರೆ ಒಳಗೆ ನಿಂತ ದೋಷಗಳು ಈ ಈ ರೋಗಗಳನ್ನು ಹುಟ್ಟಿಸುತ್ತವೆ ಎಂದು ಅಲ್ಲಿ ಹೇಳಿದೆ. ಆ ರೋಗಗಳ ಪಟ್ಟಿ ಅದು. ಆಮ ಪಕ್ವವಾದ ಮೇಲೆಯೇ ಸ್ತಂಭನ. ಇಷ್ಟನ್ನು ನಾನು ಎಷ್ಟು ವರ್ಷ ಪಾಠ ಹೇಳಿದ್ದೇನೋ ಲೆಕ್ಕವಿಲ್ಲ. ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕವನ್ನು ಓದಿಸುವಾಗ ಲಂಘನ, ಪಾಚನ, ಸ್ತಂಭನ ಎಂಬ ಪಾರಿಭಾಷಿಕಗಳನ್ನು ಬಿಡಿಸಿ ಹೇಳದೆ ಮುಂದೆ ಹೋಗುವಂತಿಲ್ಲ. ಪರೀಕ್ಷೆಯಲ್ಲಿ ಟಿಪ್ಪಣಿಗೆ ಕೇಳಿದ್ದೇನೆ. ಉತ್ತರದಲ್ಲಿ "ಪಕ್ವವಾದ ಮೇಲೆ" ಎಂಬುದನ್ನು ಬಿಟ್ಟವರಿಗೆ ಅಂಕ ಕಳೆದಿದ್ದೇನೆ.

ನನಗೆ ನಾಚಿಕೆಯಾದದ್ದು ಇದಕ್ಕೆ. ಈ ಮಾತನ್ನು ನಾನು ಶಬ್ದಾರ್ಥವಾಗಿ ಬಲ್ಲೆ, ಪಾಠಾಂತರಗಳೊಡನೆ ಬಲ್ಲೆ, ಅದು ಒಂದು ದೇಹಕ್ಕೆ ಹೇಳಿದ ಮಾತು ಎಂಬುದು ಮಾತ್ರ ಎಂದೂ ಹೊಳೆದಿರಲಿಲ್ಲ. ಬೇರೆಯವರು ಓದಿ ಬಿಟ್ಟ ಪತ್ರವನ್ನು ಸಂಪಾದಿಸುವವನಂತೆ ಅದನ್ನು ಓದಿದ್ದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಚರಕನಿಗೆ ಬ್ಯಾಕ್ಟೀರಿಯಾ ಗೊತ್ತಿತ್ತು, ಆಮವೆಂದರೆ ಇಂದಿನವರು ಹೇಳುವ ವಿಷವೇ ಎಂದೆಲ್ಲ ಬರೆಯುವವರಿದ್ದಾರೆ. ಅಂಥ ಬರಹ ನನಗೆ ಸಹ್ಯವಲ್ಲ. ಆಮ ಎಂಬ ಕಲ್ಪನೆ ಅಗ್ನಿ, ಪಾಕ ಎಂಬ ಕಲ್ಪನೆಗಳ ಜಾಲದಲ್ಲಿ ಮಾತ್ರ ಅರ್ಥ ಪಡೆಯುತ್ತದೆ. ಅದನ್ನು ಕಿತ್ತು ತಂದು ಪ್ರಯೋಗಾಲಯದ ಮೇಜಿನ ಮೇಲಿಟ್ಟರೆ ಎರಡೂ ಕೆಡುತ್ತವೆ. ಆದರೆ ಕೆಲವು ಬಗೆಯ ಭೇದಿಯನ್ನು ಒಮ್ಮೆಲೇ ಕಟ್ಟಿದರೆ ಹೊಟ್ಟೆಯುಬ್ಬಿ ಜ್ವರ ಬಂದು ರೋಗಿ ಕೈತಪ್ಪುತ್ತಾನೆ ಎಂಬುದು ಸಿದ್ಧಾಂತವಲ್ಲ. ಯಾರೋ ಹಾಸಿಗೆಯ ಪಕ್ಕದಲ್ಲಿ ಕುಳಿತು ಕಂಡದ್ದು. ಒಬ್ಬಿಬ್ಬರು ರೋಗಿಗಳನ್ನು ಕಳೆದುಕೊಂಡ ಬಳಿಕವೇ ಬರೆದಿರಬೇಕು. ಕಾರಣವನ್ನು ಅವರು ತಮ್ಮ ಭಾಷೆಯಲ್ಲಿ ಹೇಳಿದರು, ಇಂದಿನವರು ತಮ್ಮ ಭಾಷೆಯಲ್ಲಿ ಹೇಳುತ್ತಾರೆ.

ಮರುದಿನ ಬೆಳಗಾಗುವುದರೊಳಗೆ ನನ್ನ ಮನೆಯವರು ರಾತ್ರಿ ಬಸ್ಸಿನಲ್ಲಿ ಬಂದಿಳಿದರು. ಕೈಯಲ್ಲಿ ನನ್ನ ಕಾಗದಪತ್ರಗಳ ನೀಲಿ ಕಡತ. ಅದೇ ವೈದ್ಯೆ ಅದೇ ಪ್ರಶ್ನೆಯನ್ನು ಅವರಿಗೂ ಕೇಳಿದರು. "ತಗೊಂಡಿದಾರಲ್ಲ ಡಾಕ್ಟ್ರೇ, ಹದಿನಾಲ್ಕು ದಿವಸ, ಎರಡೆರಡು ಥರದ್ದು. ಮುಗಿದು ಎರಡು ವಾರ ಆಗಿದೆ ಅಷ್ಟೇ" ಎಂದು ಕಡತ ತೆರೆದರು. ನನ್ನ ಕಡೆ ತಿರುಗಿ "ನೀವು ಹೇಳಲಿಲ್ವಾ?" ಎಂದರು. ಅಂಗಿಯ ಜೇಬಿನಲ್ಲಿದ್ದ ಲೊಪೆರಮೈಡ್ ಪಟ್ಟಿಯೂ ಅವರ ಕೈಗೇ ಸಿಕ್ಕಿತು. ಅದನ್ನೂ ವೈದ್ಯೆಯ ಮುಂದಿಟ್ಟರು. ಕರ್ತೃ ಯಾರು, ಕಾಲ ಯಾವುದು, ಆಕರ ಯಾವುದು ಎಂಬ ಮೂರನ್ನೂ ಅವರು ಒಂದೇ ನಿಮಿಷದಲ್ಲಿ ಒದಗಿಸಿದರು.

ಮಧ್ಯಾಹ್ನ ಮಲಪರೀಕ್ಷೆಯ ವರದಿ ಬಂದಿತು: ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್, ಅದರ ವಿಷವೂ ಪತ್ತೆಯಾಗಿದೆ. ಡಿಫಿಸಿಲ್ ಎಂದರೆ ಲ್ಯಾಟಿನ್ನಿನಲ್ಲಿ ಕಷ್ಟವಾದದ್ದು. 1935ರಲ್ಲಿ ಮೊದಲು ಗುರುತಿಸಿದಾಗ ಪ್ರಯೋಗಾಲಯದಲ್ಲಿ ಅದನ್ನು ಬೇರ್ಪಡಿಸಿ ಬೆಳೆಸುವುದು ಕಷ್ಟವಾಗಿತ್ತು. ರೋಗಿಯ ಕಷ್ಟ ಆ ಹೆಸರಿನಲ್ಲಿ ಇಲ್ಲ. ಆಗ ಅದು ಕಂಡದ್ದು ಆರೋಗ್ಯವಂತ ಹಸುಗೂಸುಗಳ ಮಲದಲ್ಲಿ. ಆಂಟಿಬಯೋಟಿಕ್ ಬಳಿಕದ ಭೀಕರ ಕರುಳುರಿತಕ್ಕೆ ಅದೇ ಕಾರಣವೆಂದು ಗೊತ್ತಾದದ್ದು 1978ರಲ್ಲಿ. ನಮ್ಮ ದೊಡ್ಡ ಕರುಳಿನಲ್ಲಿ ಅಸಂಖ್ಯ ಸೂಕ್ಷ್ಮಜೀವಿಗಳು ಒಂದಕ್ಕೊಂದು ಜಾಗ ಬಿಡದೆ ನೆಲಸಿರುತ್ತವೆ. ಪೈಲೊರಿಗೆಂದು ನುಂಗಿದ ಔಷಧ ಅವುಗಳನ್ನೂ ಬಿಡುವುದಿಲ್ಲ. ಊರು ಖಾಲಿಯಾದಾಗ ಬೀಜದ ರೂಪದಲ್ಲಿ ಅಡಗಿದ್ದ ಡಿಫಿಸಿಲ್ ಮೊಳೆತು ಹಬ್ಬಿ ವಿಷ ಕಾರುತ್ತದೆ. ವಯಸ್ಸು 65 ದಾಟಿದವರಿಗೆ ಅಪಾಯ ಹೆಚ್ಚು. ಆಮ್ಲ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿಯೂ ಇದು ಹೆಚ್ಚಾಗಿ ಕಂಡುಬರುತ್ತದೆ. ನನಗೆ ಆಗ 67. ಆ ಮಾತ್ರೆಯೂ ನಡೆಯುತ್ತಿತ್ತು. ಭೇದಿ ಎಂದರೆ ಆ ವಿಷವನ್ನು ಹೊರಗೆ ಹಾಕುವ ದಾರಿ. ನಾನು ಬಸ್ಸಿನ ಅನುಕೂಲಕ್ಕಾಗಿ ಆ ದಾರಿಗೆ ಅಗಳಿ ಹಾಕಿದ್ದೆ. ದ್ವಾರಪಾಲಕನನ್ನು ಕೊಂದು ಹಿಂಬಾಗಿಲನ್ನು ಮುಚ್ಚಿದಂತಾಯಿತು.

ಚಿಕಿತ್ಸೆಗೆ ಮತ್ತೆ ಆಂಟಿಬಯೋಟಿಕ್ಕೇ. ವ್ಯಾಂಕೊಮೈಸಿನ್ ಎಂಬ ಔಷಧವನ್ನು ಸಾಮಾನ್ಯವಾಗಿ ರಕ್ತನಾಳಕ್ಕೆ ಕೊಡುತ್ತಾರೆ. ಈ ರೋಗದಲ್ಲಿ ಮಾತ್ರ ಬಾಯಿಯ ಮೂಲಕ. ಬಾಯಿಂದ ಕೊಟ್ಟದ್ದು ರಕ್ತಕ್ಕೆ ಸೇರದೆ ಕರುಳಿನಲ್ಲಿಯೇ ಉಳಿಯುವುದರಿಂದ ಅಲ್ಲಿಯೇ ಕೆಲಸ ಮಾಡುತ್ತದೆ. 1950ರ ದಶಕದಲ್ಲಿ ಬೋರ್ನಿಯೋ ಕಾಡಿನ ಮಣ್ಣಿನಿಂದ ದೊರೆತ ಜೀವಿಯೊಂದರಿಂದ ಅದನ್ನು ಪಡೆದರಂತೆ. ಗೆಲ್ಲು ಎಂಬರ್ಥದ ಇಂಗ್ಲಿಷ್ ಧಾತುವಿನಿಂದ ಹೆಸರಿಟ್ಟರು. ಮೊದಲ ದಿನಗಳಲ್ಲಿ ಹೆಚ್ಚಿನ ಪ್ರಮಾಣ, ಜೊತೆಗೆ ನಾಳದಲ್ಲಿ ಮೆಟ್ರೊನಿಡಜೋಲ್. ಅನಂತರ 125 ಮಿಲಿಗ್ರಾಂ ದಿನಕ್ಕೆ ನಾಲ್ಕು ಬಾರಿ.

ಶಸ್ತ್ರವೈದ್ಯರು ಬೆಳಿಗ್ಗೆ ಸಂಜೆ ಬಂದು ಟೇಪಿನಿಂದ ನನ್ನ ಹೊಟ್ಟೆಯ ಸುತ್ತಳತೆ ಅಳೆದು ಹೋಗುತ್ತಿದ್ದರು. ಉಬ್ಬರ ಹೆಚ್ಚಿದರೆ ದೊಡ್ಡ ಕರುಳನ್ನು ತೆಗೆದುಹಾಕಬೇಕಾಗಬಹುದೆಂದು ಮನೆಯವರನ್ನು ಹೊರಗೆ ಕರೆದು ಹೇಳಿದ್ದರು. ಒಪ್ಪಿಗೆಯ ಪತ್ರಕ್ಕೆ ಸಹಿಯನ್ನೂ ಪಡೆದಿದ್ದರು. ನನಗೆ ಅದು ತಿಳಿದದ್ದು ಊರಿಗೆ ಬಂದ ಮೇಲೆ. ಆ ಮೂರು ದಿನ ಅವರು ನನ್ನ ಪಕ್ಕದಲ್ಲಿ ಕುಳಿತು ಏನೂ ಆಗದವರಂತೆ ನೆಂಟರಿಷ್ಟರ ಸುದ್ದಿ ಹೇಳುತ್ತಿದ್ದರು. ನಾಲ್ಕನೆಯ ದಿನ ಮುಂಜಾನೆ ಹೊಟ್ಟೆ ಸಡಿಲಿತು. ಭೇದಿಯಾಯಿತು ಎಂದು ಸಂತೋಷದಿಂದ ಕೂಗಿ ಹೇಳಿದ್ದು ನನ್ನ ಜೀವನದಲ್ಲಿ ಅದೊಂದೇ ಬಾರಿ.

ನಾವು ಕೊರೋನಾ ಕಾಲದಲ್ಲಿ ಅಭ್ಯಾಸ ಮಾಡಿಕೊಂಡ ಸ್ಯಾನಿಟೈಸರ್ ಈ ಬೀಜಗಳನ್ನು ಕೊಲ್ಲುವುದಿಲ್ಲ. ಸೋಪು ಹಚ್ಚಿ ನೀರಿನಲ್ಲಿ ತೊಳೆಯಬೇಕು. ಮನೆಯಲ್ಲಿ ನನ್ನ ಬಚ್ಚಲು, ಟವೆಲು, ಲೋಟ ಎಲ್ಲ ಬೇರೆಯಾದವು. ಮೊಮ್ಮಗಳಿಗೆ ತಾತನ ಕೋಣೆಗೆ ಬರಬಾರದೆಂದು ಹೇಳಿದ್ದರು. ಅವಳು ಬಾಗಿಲಾಚೆ ನಿಂತು ಶಾಲೆಯ ಪದ್ಯವನ್ನು ಅಲ್ಲಿಂದಲೇ ಒಪ್ಪಿಸುತ್ತಿದ್ದಳು. ಈ ರೋಗ ಐವರಲ್ಲಿ ಒಬ್ಬರಿಗೆ ಮರುಕಳಿಸುತ್ತದೆ. ಒಂದೂವರೆ ತಿಂಗಳ ಕಾಲ ಪ್ರತಿ ಬೆಳಿಗ್ಗೆ ಆ ಐವರಲ್ಲಿ ನಾನು ಯಾರೆಂದು ಪರೀಕ್ಷಿಸಿಕೊಂಡೆ. ಗಂಜಿ, ಮೆತ್ತಗಿನ ಅನ್ನ, ಬೇಯಿಸಿದ ಬಾಳೆಕಾಯಿ. ಹುಣ್ಣಿಗೆ ಆಮ್ಲದ ಮಾತ್ರೆ ಬೇಕು, ಕರುಳಿಗೆ ಅದು ಬೇಡ. ಮೈಸೂರಿನ ಡಾಕ್ಟರು ಲೆಕ್ಕ ಹಾಕಿ ಅದನ್ನು ನಿಲ್ಲಿಸಿದರು. ನಿಲ್ಲಿಸಿದ ಮೇಲೆ ಎರಡು ವಾರ ಎದೆಯುರಿ ಮೊದಲಿಗಿಂತ ಹೆಚ್ಚಾಗಿ ಬಂದು ತಾನಾಗಿ ಇಳಿಯಿತು. ಮತ್ತೆ ಎರಡು ತಿಂಗಳಿಗೆ ಉಸಿರಿನ ಪರೀಕ್ಷೆ: ಯೂರಿಯಾ ಕುಡಿಸಿ, ಊದಿಸಿ, ಉಸಿರನ್ನು ಅಳೆಯುತ್ತಾರೆ. ಪೈಲೊರಿ ಇಲ್ಲ ಎಂದು ವರದಿ ಬಂದಿತು. ಆ ಕಾಗದಕ್ಕಾಗಿ ನಾನು ಇದೆಲ್ಲವನ್ನೂ ಆರಂಭಿಸಿದ್ದು. ಅದು ಕೈಗೆ ಬಂದಾಗ ಮಡಿಚಿ ಕಡತದಲ್ಲಿಟ್ಟು ಕಾಫಿ ಕೇಳಿದೆ.

ಕಹಿ ಹೋಗಿ ನಾಲಗೆ ಮೊದಲಿನಂತಾಗಿತ್ತು, ಕಾಫಿ ಕಾಫಿಯಾಗಿತ್ತು.

ಡಾಕ್ಟರ ಮುಂದೆ ಒಮ್ಮೆ, ನೀವು ಮೊದಲೇ ಎಚ್ಚರಿಸಬಹುದಾಗಿತ್ತು ಎಂದು ಸ್ವಲ್ಪ ಬಿಗುವಾಗಿಯೇ ಹೇಳಿದೆ. ಅವರು ಮಾತನಾಡದೆ ಕಡತದಿಂದ ಹಳೆಯ ಚೀಟಿಯನ್ನು ತೆಗೆದು ತಳದ ಎರಡು ಸಾಲುಗಳ ಕೆಳಗೆ ಬೆರಳಿಟ್ಟರು. ಕನ್ನಡದಲ್ಲಿಯೇ ಬರೆದಿದ್ದರು, ಅಕ್ಷರವೂ ದುಂಡಗಿತ್ತು. "ಚಿಕಿತ್ಸೆ ತಪ್ಪಾಗಿತ್ತಾ ಡಾಕ್ಟ್ರೇ?" ಎಂದು ಮನೆಯವರು ಕೇಳಿದರು. "ಇಲ್ಲಮ್ಮ. ಹುಣ್ಣು ಇತ್ತು, ರಕ್ತ ಒಡೆಯಬಹುದಿತ್ತು. ಇವತ್ತು ಬಂದರೂ ಇದೇ ಕೊಡ್ತೀನಿ. ಆಮೇಲಿನದನ್ನ ನೋಡ್ಕೋಬೇಕಿತ್ತು, ಅಷ್ಟೇ" ಎಂದರು. ತಂದೆಯವರಿಗೆ ಈ ಹದಿನಾಲ್ಕು ದಿನದ ಮಾತ್ರೆ ಸಿಕ್ಕಿದ್ದರೆ ಅವರು ಬದುಕುತ್ತಿದ್ದರು ಎಂಬ ನನ್ನ ಎಣಿಕೆ ಇಷ್ಟೆಲ್ಲ ಆದ ಮೇಲೂ ಬದಲಾಗಿಲ್ಲ.

ಕಳೆದ ತಿಂಗಳು ಉಳಿದ ಗರಿಗಳನ್ನು ನೋಡಲು ಮತ್ತೆ ಮೂಡುಬಿದಿರೆಗೆ ಹೊರಟೆ. ಈ ಬಾರಿ ಮನೆಯವರೂ ಜೊತೆಗಿದ್ದರು. ಕುಶಾಲನಗರದಲ್ಲಿ ಬಸ್ಸು ನಿಂತಾಗ ನೀರಿನ ಬಾಟಲಿಗಾಗಿ ಅವರ ಕೈಚೀಲಕ್ಕೆ ಕೈ ಹಾಕಿದೆ. ಎರಡು ಪೊಟ್ಟಣ ಓಆರ್‌ಎಸ್, ಒಂದು ಸೋಪಿನ ಡಬ್ಬಿ, ಡಾಕ್ಟರ ಆ ಹಳೆಯ ಚೀಟಿಯ ಜೆರಾಕ್ಸ್. ಚೀಟಿಯ ತಳದ ಎರಡು ಸಾಲುಗಳಿಗೆ ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದಿತ್ತು. ಕೆಂಪು ಪೆನ್ನು ನನ್ನದೇ, ಉತ್ತರಪತ್ರಿಕೆ ತಿದ್ದುವುದು. "ಏನು ಹುಡುಕ್ತಿದೀರಿ?" ಎಂದರು. ನೀರು ಎಂದೆ.